ಸೆಕೆಂಡ್ ಹ್ಯಾಂಡ್ ಪೋರ್ಷೆಗೆ ಕಂಪನಿ ವಾರಂಟಿಯೋ, ಹೊರಗಿನ ವಾರಂಟಿಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮವರಲ್ಲಿ ಕಾರಿನ ಹುಚ್ಚಿರುವ ಬಹಳಷ್ಟು ಮಂದಿ ಒಂದಲ್ಲ ಒಂದು ದಿನ ಪೋರ್ಷೆಯ ಹಳೆಯ 911 ಅಥವಾ ಕೇಮನ್ ಸ್ಪೋರ್ಟ್ಸ್ ಕಾರು ಹುಡುಕಲು ಶುರು ಮಾಡುತ್ತಾರೆ. ಹೊಸದು ಕೈಗೆಟುಕುವುದಿಲ್ಲ, ಏಳೆಂಟು ವರ್ಷದ್ದು ಎಟುಕುತ್ತದೆ. ತೊಡಕು ಇರುವುದು ಇಲ್ಲೇ: ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಗೇರ್‌ಬಾಕ್ಸಿನ ಬೆಲೆ ಇಳಿಯುವುದಿಲ್ಲ. ಹಾಗಾಗಿ ವಾರಂಟಿ ಪ್ರಶ್ನೆ ಕಾರಿನ ಬಣ್ಣಕ್ಕಿಂತ ಮೊದಲು ಬರಬೇಕು. ಇಲ್ಲಿರುವ ಉತ್ತರಗಳು ಮುಖ್ಯವಾಗಿ ಅಮೆರಿಕದ ಮಾರುಕಟ್ಟೆಗೆ ಸೇರಿದವು. ಭಾರತದ ಮಾತು ಕೊನೆಯಲ್ಲಿ ಬರುತ್ತದೆ.

ಕಂಪನಿ ವಾರಂಟಿ ಅಂದರೆ ನಿಖರವಾಗಿ ಯಾವುದು?

ಎರಡು ಇವೆ. ಹೊಸ ಪೋರ್ಷೆಗೆ ಅಮೆರಿಕದಲ್ಲಿ 4 ವರ್ಷ ಅಥವಾ 50,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇರುತ್ತದೆ. ನೀವು ಕೊಳ್ಳುವ ಕಾರಿಗೆ ಮೂರು ವರ್ಷ ಆಗಿದ್ದರೆ ಉಳಿದ ಅವಧಿ ಕಾರಿನ ಜೊತೆಗೇ ನಿಮಗೆ ಬರುತ್ತದೆ.

ಎರಡನೆಯದು ಪೋರ್ಷೆ ಅಪ್ರೂವ್ಡ್, ಎಲ್ಲರ ಬಾಯಲ್ಲಿ ಸಿಪಿಒ (ಸರ್ಟಿಫೈಡ್ ಪ್ರೀ-ಓನ್ಡ್, ಅಂದರೆ ಕಂಪನಿ ದೃಢೀಕರಿಸಿದ ಬಳಸಿದ ಕಾರು). ಅಧಿಕೃತ ಡೀಲರ್ ಕಾರನ್ನು 111 ಅಂಶಗಳಲ್ಲಿ ತಪಾಸಣೆ ಮಾಡಿ, ಸರಿಯಿಲ್ಲದ್ದನ್ನು ಸರಿಪಡಿಸಿದ ಮೇಲೆ ಈ ವಾರಂಟಿ ಸಿಗುತ್ತದೆ. ಹೊಸ ಕಾರಿನ ವಾರಂಟಿ ಇನ್ನೂ ಇದ್ದರೆ ಅದು ಮುಗಿದ ಮೇಲೆ 2 ವರ್ಷ, ಮುಗಿದುಹೋಗಿದ್ದರೆ ನೀವು ಕೊಂಡ ದಿನದಿಂದ 2 ವರ್ಷ, ಮೈಲಿ ಮಿತಿಯಿಲ್ಲದೆ. ಕಾರು 13 ವರ್ಷ ಅಥವಾ 124,000 ಮೈಲಿ ದಾಟಿದ್ದರೆ ಸಿಪಿಒ ಸಿಗುವುದಿಲ್ಲ.

ಡೀಲರ್ ಶೋರೂಮಿನಲ್ಲೇ ಮಾರುವ ‘ಎಕ್ಸ್‌ಟೆಂಡೆಡ್ ವಾರಂಟಿ’ ಕೂಡ ಪೋರ್ಷೆಯದ್ದೇ ಅಲ್ಲವೇ?

ಬಹಳ ಸಲ ಅಲ್ಲ. ಫೈನಾನ್ಸ್ ಕೋಣೆಯಲ್ಲಿ ಕೂರಿಸಿ ಮುಂದಿಡುವ ಕಾಗದದ ಮೇಲೆ ಡೀಲರ್ ಹೆಸರು ದೊಡ್ಡದಾಗಿರುತ್ತದೆ. ಹಣ ಕಟ್ಟಬೇಕಾದ ಕಂಪನಿಯ ಹೆಸರು ಒಳಪುಟದಲ್ಲಿರುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಕಾರಿನ ಬೆಲೆಯಲ್ಲೇ ಸೇರಿ ಬರುವುದು ವಾರಂಟಿ, ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳುವುದು ಸರ್ವಿಸ್ ಕಾಂಟ್ರಾಕ್ಟ್. ಕಾಗದದಲ್ಲಿ ‘ಒಬ್ಲಿಗರ್’ ಎಂಬ ಪದ ಹುಡುಕಿ. ಆ ಪದದ ಎದುರು ಇರುವ ಕಂಪನಿಯೇ ನಿಮ್ಮ ಬಿಲ್ಲಿಗೆ ಹೊಣೆ, ಶೋರೂಮಿನ ಗೋಡೆಯ ಮೇಲಿನ ಲಾಂಛನ ಅಲ್ಲ.

ಹಾಗೆಂದು ಡೀಲರ್ ಮೂಲಕ ಬರುವ ಹೊರಗಿನ, ಅಂದರೆ ಪೋರ್ಷೆಯಲ್ಲದ ಕಂಪನಿಗಳ, ಕರಾರುಗಳೆಲ್ಲ ಕೆಟ್ಟವಲ್ಲ. ಅದೇ ಡೀಲರಿನ ಸರ್ವಿಸ್ ವಿಭಾಗ ದಿನವೂ ಆ ಕಂಪನಿಯ ಜೊತೆ ವ್ಯವಹರಿಸುತ್ತಿದ್ದರೆ ಕ್ಲೇಮ್ ಸಲೀಸಾಗುತ್ತದೆ. ಫೋನಿನಲ್ಲಿ, ಟಿವಿ ಜಾಹೀರಾತಿನಲ್ಲಿ, ಅಂಚೆಯಲ್ಲಿ ಬರುವ ‘ನಿಮ್ಮ ವಾರಂಟಿ ಮುಗಿಯುತ್ತಿದೆ’ ಎಂಬ ಎಚ್ಚರಿಕೆಗಳಿಂದ ಮಾತ್ರ ದೂರವಿರಿ.

ಒಂದೇ ಮಾತಿನಲ್ಲಿ ಹೇಳಿ, ಯಾವುದು ಉತ್ತಮ?

ಕಾರು ಸಿಪಿಒಗೆ ಅರ್ಹವಾಗಿದ್ದು, ಮಾರ್ಪಾಡು ಏನೂ ಆಗಿರದಿದ್ದರೆ ಸಿಪಿಒ ತೆಗೆದುಕೊಳ್ಳಿ. ಅರ್ಹವಲ್ಲದಿದ್ದರೆ, ಆ ಮಾಡೆಲ್‌ನಲ್ಲಿ ನಿಮ್ಮನ್ನು ಕಂಗಾಲು ಮಾಡಬಲ್ಲ ದೊಡ್ಡ ರಿಪೇರಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡು, ಹೊರಗಿನ ಕರಾರಿನಲ್ಲಿ ಅದೊಂದು ಸಾಲು ಎಲ್ಲಿದೆ ನೋಡಿ. ಆ ರಿಪೇರಿಯನ್ನೇ ಕರಾರು ಹೊರಗಿಟ್ಟಿದ್ದರೆ ಅದರ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಡಿ. ಉಳಿದ ಪ್ರಶ್ನೆಗಳೆಲ್ಲ ಇದರ ಒಳವಿವರಗಳೇ.

ಆ ‘ದೊಡ್ಡ ರಿಪೇರಿ’ ಯಾವುದೆಂದು ಹೇಗೆ ತಿಳಿಯುವುದು?

ತಲೆಮಾರಿನಿಂದ ತಲೆಮಾರಿಗೆ ಅದು ಬೇರೆ.

1997ರಿಂದ 2008ರವರೆಗಿನ ಮಾಡೆಲ್‌ಗಳಲ್ಲಿ, ಅಂದರೆ ಮೊದಲ ಬಾಕ್ಸ್‌ಟರ್, 996, ಆರಂಭದ 997 (ಇವೆರಡೂ 911ರ ತಲೆಮಾರುಗಳ ಸಂಕೇತ ಸಂಖ್ಯೆ) ಮತ್ತು ಕೇಮನ್‌ಗಳಲ್ಲಿ ಎಂ96 ಮತ್ತು ಎಂ97 ಎಂಜಿನ್ ಇದೆ. ಇವುಗಳ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಬೇರಿಂಗ್, ಎಲ್ಲರೂ ಐಎಂಎಸ್ ಎನ್ನುವುದು, ಒಡೆದರೆ ಎಂಜಿನ್ ಪೂರ್ತಿ ಹೋಗುತ್ತದೆ. ಈ ವಿಷಯಕ್ಕೆ ಅಮೆರಿಕದಲ್ಲಿ ಸಾಮೂಹಿಕ ದಾವೆ ನಡೆದು 2013ರಲ್ಲಿ ರಾಜಿಯಾಯಿತು. ಇದೇ ಎಂಜಿನ್‌ಗಳಲ್ಲಿ ಸಿಲಿಂಡರ್ ಗೋಡೆ ಗೀರು ಬೀಳುವ ಬೋರ್ ಸ್ಕೋರಿಂಗ್ ಸಮಸ್ಯೆಯೂ ಇದೆ, ನನ್ನ ಪ್ರಕಾರ ಇಂದು ಐಎಂಎಸ್‌ಗಿಂತ ಹೆಚ್ಚು ಭಯಪಡಬೇಕಾದ್ದು ಇದಕ್ಕೇ. ಮೆಟ್ಜ್‌ಗರ್ ಎಂಬ ಬೇರೆ ವಿನ್ಯಾಸದ ಎಂಜಿನ್ ಇರುವ 911 ಟರ್ಬೊ, ಜಿಟಿ3ಗಳಿಗೆ ಐಎಂಎಸ್ ಚಿಂತೆಯಿಲ್ಲ. ಅವುಗಳ ಚಿಂತೆ ಕೂಲೆಂಟ್ ಪೈಪಿನದು: ಅಂಟಿನಿಂದ ಕೂರಿಸಿದ ಜೋಡಣೆ ಕಾಲ ಕಳೆದಂತೆ ಕಳಚಿಕೊಂಡು ನೀರು ಒಮ್ಮೆಲೇ ಸುರಿಯುತ್ತದೆ.

2009ರ ಮಾಡೆಲ್‌ನಿಂದ ಎಂಜಿನ್ ಹೊಸದು, ಐಎಂಎಸ್ ಬೇರಿಂಗ್ ಇಲ್ಲ. ಆದರೆ ಅದೇ ವರ್ಷ ಪಿಡಿಕೆ ಎಂಬ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂತು. ಗಟ್ಟಿಮುಟ್ಟಾದ ಗೇರ್‌ಬಾಕ್ಸೇ ಅದು. ತೊಂದರೆ ಏನೆಂದರೆ ಒಳಗಿನ ಒಂದು ಸಣ್ಣ ಸೆನ್ಸರ್ ಕೆಟ್ಟರೂ ಬಹುಕಾಲ ಡೀಲರ್‌ಗಳ ಉತ್ತರ ಒಂದೇ ಆಗಿತ್ತು, ಇಡೀ ಗೇರ್‌ಬಾಕ್ಸ್ ಬದಲಿಸುವುದು. ಬಿಲ್ 15,000 ಡಾಲರ್ ದಾಟುವುದು ಅಪರೂಪವಲ್ಲ. ಪೋರ್ಷೆ ಬಲ್ಲ ಕೆಲವು ಸ್ವತಂತ್ರ ಗ್ಯಾರೇಜ್‌ಗಳು ಈಗ ಸೆನ್ಸರ್ ಮಾತ್ರ ಬದಲಿಸುತ್ತವೆ.

ಹಾಗಾದರೆ 996 ಅಥವಾ ಹಳೆಯ 997ಗೆ ಹೊರಗಿನ ವಾರಂಟಿ ಕೊಳ್ಳಬೇಕೇ?

ಬೇಡ ಅನ್ನುತ್ತೇನೆ. ಸಿಪಿಒ ವಯಸ್ಸು ಮೀರಿರುತ್ತದೆ. ಹೊರಗಿನವರು ಒಂದೋ ಇಷ್ಟು ಹಳೆಯ ಕಾರಿಗೆ ಕರಾರನ್ನೇ ಕೊಡುವುದಿಲ್ಲ, ಕೊಟ್ಟರೂ ಮೊದಲೇ ಇದ್ದ ದೋಷ, ನಿಧಾನವಾಗಿ ಸವೆದದ್ದು ಎಂಬ ಎರಡು ಷರತ್ತು ಹಾಕಿರುತ್ತಾರೆ. ಬೋರ್ ಸ್ಕೋರಿಂಗ್ ಈ ಎರಡರ ಒಳಗೂ ಸುಲಭವಾಗಿ ಬೀಳುತ್ತದೆ. ಆ ದುಡ್ಡಿನಲ್ಲಿ ಮೊದಲು ಎಂಜಿನ್ ಒಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ, ಅಂದರೆ ಬೋರ್‌ಸ್ಕೋಪ್ ಹಾಕಿಸಿ ಪ್ರತಿ ಸಿಲಿಂಡರ್ ನೋಡಿಸಿ. ಸ್ಪಾರ್ಕ್ ಪ್ಲಗ್ ರಂಧ್ರದಿಂದ ನೋಡಿದರೆ ಮೇಲ್ಭಾಗ ಮಾತ್ರ ಕಾಣುತ್ತದೆ. ಗೀರು ಕೆಳಗೆ ಶುರುವಾಗುವುದರಿಂದ, ಎಂಜಿನ್ ತಳದ ಆಯಿಲ್ ಸಂಪ್ ಬಿಚ್ಚಿ ಕೆಳಗಿನಿಂದಲೂ ನೋಡುವಂತೆ ಕೇಳಿ. ಮಾರುವವರು ಒಪ್ಪದಿದ್ದರೆ ಬೇರೆ ಕಾರು ನೋಡಿ.

ಸಿಪಿಒ ಕಾರಿಗೆ ಬೆಲೆ ಹೆಚ್ಚು. ಆ ಹೆಚ್ಚುವರಿ ದುಡ್ಡು ದಂಡವಲ್ಲವೇ?

ನಿಮಗೆ ಸಿಗುವುದು ಎರಡು ವರ್ಷದ ರಕ್ಷಣೆ ಮಾತ್ರವಲ್ಲ. ವಾರಂಟಿ ಕೊಡುವ ಕಂಪನಿಯ ಜನರೇ ಕಾರನ್ನು ಬಿಚ್ಚಿ ನೋಡಿರುತ್ತಾರೆ, ಮುಂದೆ ಬಿಲ್ ಬಂದರೆ ಕಟ್ಟಬೇಕಾದವರೂ ಅವರದೇ ಬಳಗ. ಹಾಗಾಗಿ ತಪಾಸಣೆಯಲ್ಲಿ ಅಸಡ್ಡೆ ಮಾಡುವುದು ಅವರಿಗೇ ನಷ್ಟ.

ಮ್ಯಾನುಯಲ್ ಕಾರುಗಳಲ್ಲಿ ಇದು ವಿಶೇಷವಾಗಿ ಮುಖ್ಯ. ನಾಲ್ಕನೇ ಗೇರಿಗೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಎಂಜಿನ್ ಮಿತಿಮೀರಿ ತಿರುಗುತ್ತದೆ, ಎಂಜಿನ್ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಎಂಜಿನ್ ಕಂಪ್ಯೂಟರ್ ಇದನ್ನು ಆರು ಹಂತಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ: ಯಾವ ಹಂತದಲ್ಲಿ ಎಷ್ಟು ಸಲ, ಎಂಜಿನ್ ಎಷ್ಟನೇ ಗಂಟೆ ಓಡುತ್ತಿದ್ದಾಗ. ಒಂದು, ಎರಡರಲ್ಲಿ ಸಾವಿರಗಟ್ಟಲೆ ದಾಖಲೆ ಇದ್ದರೆ ಗಾಬರಿಯಾಗಬೇಡಿ, ಉತ್ಸಾಹದಿಂದ ಓಡಿಸಿದ್ದಾರೆ ಅಷ್ಟೇ. ಮೇಲಿನ ಹಂತಗಳಲ್ಲಿ, ಅದೂ ಈಚಿನ ಗಂಟೆಗಳಲ್ಲಿ ದಾಖಲೆ ಇದ್ದರೆ ಡೀಲರ್ ಸಿಪಿಒ ಕೊಡಲು ಹಿಂದೆಗೆಯುತ್ತಾರೆ. ಮ್ಯಾನುಯಲ್ ಕಾರೊಂದು ಅಧಿಕೃತ ಡೀಲರ್ ಬಳಿಯೇ ಸಿಪಿಒ ಇಲ್ಲದೆ ನಿಂತಿದ್ದರೆ ‘ಯಾಕೆ ಮಾಡಲಿಲ್ಲ’ ಎಂದು ನೇರವಾಗಿ ಕೇಳಿ, ಎಂಜಿನ್ ಕಂಪ್ಯೂಟರಿನ ಆ ದಾಖಲೆಯ ರಿಪೋರ್ಟ್‌ನ ಪ್ರಿಂಟ್ ತೆಗೆದುಕೊಳ್ಳಿ.

ಟೈರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟಿನಂಥ ಸವೆಯುವ ಭಾಗಗಳು ಸಿಪಿಒನಲ್ಲೂ ಬರುವುದಿಲ್ಲ. ಅದನ್ನು ಯಾವ ವಾರಂಟಿಯಿಂದಲೂ ನಿರೀಕ್ಷಿಸಬೇಡಿ.

ಹೊರಗಿನ ಕರಾರಿನಲ್ಲಿ ಯಾವ ಸಾಲುಗಳನ್ನು ಓದಲೇಬೇಕು?

ಮೊದಲು ಕರಾರಿನ ಸ್ವರೂಪ. ‘ಈ ಭಾಗಗಳಿಗೆ ಮಾತ್ರ’ ಎಂದು ಪಟ್ಟಿ ಕೊಡುವುದು ಒಂದು ಬಗೆ, ‘ಈ ಭಾಗಗಳನ್ನು ಬಿಟ್ಟು ಉಳಿದೆಲ್ಲಕ್ಕೂ’ ಎನ್ನುವುದು ಇನ್ನೊಂದು. ಸ್ಪೋರ್ಟ್ಸ್ ಕಾರಿಗೆ ಎರಡನೆಯದೇ ಬೇಕು. ಮೊದಲ ಬಗೆಯಲ್ಲಿ ‘ಟ್ರಾನ್ಸ್‌ಮಿಷನ್‌ನ ಒಳಗಿನ, ಎಣ್ಣೆ ತಾಗುವ ಭಾಗಗಳು’ ಎಂದು ಬರೆದಿದ್ದರೆ ಪಿಡಿಕೆಯ ಎಲೆಕ್ಟ್ರಾನಿಕ್ ಭಾಗ ಅದರಲ್ಲಿ ಬರುತ್ತದೆಯೇ ಎಂಬುದು ಕ್ಲೇಮ್ ದಿನ ವಾದಕ್ಕೆ ಬೀಳುತ್ತದೆ.

ಆಮೇಲೆ ಲೇಬರ್ ರೇಟು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಡೀಲರ್ ಗಂಟೆಗೆ 280 ಡಾಲರ್ ಹಾಕುತ್ತಾರೆ, ನಿಮ್ಮ ಕರಾರು ಗಂಟೆಗೆ 180 ಡಾಲರ್ ಮಾತ್ರ ಕೊಡುತ್ತದೆ, ಕೆಲಸ 18 ಗಂಟೆಯದು. ಎಲ್ಲ ಸರಿಯಾಗಿ ಮಂಜೂರಾದರೂ ನಿಮ್ಮ ಜೇಬಿನಿಂದ 1,800 ಡಾಲರ್ ಹೋಗುತ್ತದೆ. ಡಿಡಕ್ಟಿಬಲ್, ಅಂದರೆ ಕ್ಲೇಮಿನಲ್ಲಿ ನೀವೇ ಕಟ್ಟಬೇಕಾದ ನಿಗದಿತ ಪಾಲು, ಬೇರೆ. ಅದು ಒಂದು ಭೇಟಿಗೋ, ಒಂದೊಂದು ರಿಪೇರಿಗೋ ಎಂದೂ ನೋಡಿ.

ಹೊಸ ಭಾಗವೇ ಹಾಕಬೇಕೆಂದಿದೆಯೇ, ಅಥವಾ ‘ಅದೇ ಬಗೆಯ, ಅದೇ ಗುಣಮಟ್ಟದ’ ಭಾಗ ಸಾಕು ಎಂದಿದೆಯೇ? ಎರಡನೆಯದಾದರೆ ಜಖಂ ಕಾರಿನಿಂದ ತೆಗೆದ ಗೇರ್‌ಬಾಕ್ಸ್ ತರಿಸಲು ಅವರಿಗೆ ಹಕ್ಕಿದೆ. ಕ್ಲೇಮಿನ ಗರಿಷ್ಠ ಮೊತ್ತವೂ ಹಾಗೆಯೇ ಮುಖ್ಯ. ಕಾರಿನ ಅಂದಿನ ಮಾರುಕಟ್ಟೆ ಬೆಲೆಗೆ ಮಿತಿ ಹಾಕುವುದು ವಾಡಿಕೆ, ಅದು ಸರಿ. 10,000 ಡಾಲರ್‌ಗೆ ಮಿತಿ ಹಾಕಿದ್ದರೆ ಪಿಡಿಕೆ ಕಾರಿಗೆ ಆ ಕರಾರು ಸಾಲದು.

ಕಾಯುವ ಅವಧಿ ಬಹಳಷ್ಟು ಕರಾರುಗಳಲ್ಲಿ 30 ದಿನ ಮತ್ತು 1,000 ಮೈಲಿ ಇರುತ್ತದೆ. ಅದಕ್ಕೆ ಮೊದಲು ಕೆಟ್ಟದ್ದು ನಿಮ್ಮದೇ ಖರ್ಚು. ಮಾತಿನಲ್ಲಿ ಕೊಟ್ಟ ಭರವಸೆಗೆ ಬೆಲೆಯಿಲ್ಲ. ಸಹಿ ಹಾಕುವ ಮೊದಲೇ ಪೂರ್ತಿ ಕರಾರು ಇಮೇಲ್ ಮಾಡಿಸಿಕೊಂಡು ಮನೆಯಲ್ಲಿ ಕೂತು ಓದಿ. ಮಾದರಿ ಪ್ರತಿ ಕೊಡಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ.

ಕ್ಲೇಮ್ ನಿಜಕ್ಕೂ ಹೇಗೆ ನಡೆಯುತ್ತದೆ?

ಸಿಪಿಒ ಆಗಿದ್ದರೆ ನೀವು ಕೀ ಕೊಟ್ಟು ಬರುತ್ತೀರಿ. ಡೀಲರ್ ಮತ್ತು ಪೋರ್ಷೆ ಅವರವರಲ್ಲೇ ಮುಗಿಸಿಕೊಳ್ಳುತ್ತಾರೆ.

ಹೊರಗಿನದಾದರೆ ದೃಶ್ಯ ಬೇರೆ. ಕಾರು ಲಿಫ್ಟ್ ಮೇಲೆ ಏರಿರುತ್ತದೆ, ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ ಪಕ್ಕಕ್ಕೆ ಒರಗಿಸಿರುತ್ತಾರೆ, ಗೇರ್‌ಬಾಕ್ಸ್ ಸುತ್ತ ಎಣ್ಣೆ ಜಿನುಗಿರುವುದು ಕಾಣುತ್ತದೆ. ಸರ್ವಿಸ್ ಅಡ್ವೈಸರ್ ಕರಾರಿನ ಕಂಪನಿಗೆ ಫೋನ್ ಮಾಡಿ ಕಾಯುತ್ತಾರೆ. ಆ ಕಡೆಯಿಂದ ಮೊದಲ ಪ್ರಶ್ನೆ: ಕೆಟ್ಟಿರುವ ಭಾಗ ಯಾವುದು, ಕೆಟ್ಟದ್ದಕ್ಕೆ ಕಾರಣವೇನು? ಕಾರಣ ಗೊತ್ತಾಗಬೇಕಾದರೆ ಬಿಚ್ಚಬೇಕು. ಬಿಚ್ಚುವ ಕೂಲಿಗೆ ನಿಮ್ಮ ಒಪ್ಪಿಗೆ ಬೇಕು, ಏಕೆಂದರೆ ಕ್ಲೇಮ್ ತಿರಸ್ಕಾರವಾದರೆ ಆ ಗಂಟೆಗಳ ದುಡ್ಡು ನಿಮ್ಮದೇ. ಆಮೇಲೆ ಅವರ ಇನ್‌ಸ್ಪೆಕ್ಟರ್ ಬಂದು ಫೋಟೋ ತೆಗೆಯುತ್ತಾರೆ. ಆಯಿಲ್ ಬದಲಿಸಿದ ರಸೀದಿಗಳನ್ನು ಕೇಳುತ್ತಾರೆ. ಎಲ್ಲ ಒಪ್ಪಿಗೆಯಾದರೆ ಒಂದು ಆಥರೈಸೇಷನ್ ನಂಬರ್ ಬರುತ್ತದೆ. ಆ ನಂಬರ್ ಬರುವ ಮೊದಲು ಕೆಲಸ ಶುರು ಮಾಡಿದರೆ ಒಂದು ಡಾಲರೂ ಸಿಗದಿರಬಹುದು.

ಇದಕ್ಕೆ ಎರಡು ಸಿದ್ಧತೆ ಬೇಕು. ಕೊಂಡ ದಿನದಿಂದ ಪ್ರತಿ ಸರ್ವಿಸಿನ ರಸೀದಿ, ಮೈಲಿ ಮತ್ತು ದಿನಾಂಕದ ಸಮೇತ ಒಂದೇ ಫೋಲ್ಡರಿನಲ್ಲಿ ಇರಲಿ, ಆಯಿಲ್ ಮನೆಯಲ್ಲೇ ಬದಲಿಸುವವರು ಆಯಿಲ್, ಫಿಲ್ಟರ್ ಕೊಂಡ ಬಿಲ್ಲುಗಳನ್ನೂ ಇಟ್ಟುಕೊಳ್ಳಿ. ಎರಡನೆಯದಾಗಿ, ಕರಾರು ಕೊಳ್ಳುವ ಮೊದಲೇ ನೀವು ಕಾರು ಬಿಡುವ ಗ್ಯಾರೇಜಿಗೆ ಹೋಗಿ ‘ಈ ಕಂಪನಿ ಜೊತೆ ಕೆಲಸ ಮಾಡುತ್ತೀರಾ’ ಎಂದು ಕೇಳಿ. ಅಡ್ವೈಸರ್ ಮುಖ ಸಿಂಡರಿಸಿದರೆ ಅದಕ್ಕಿಂತ ಒಳ್ಳೆಯ ಮಾಹಿತಿ ನಿಮಗೆ ಬೇರೆಲ್ಲೂ ಸಿಗುವುದಿಲ್ಲ.

ಕರಾರು ಕೊಟ್ಟ ಕಂಪನಿಯೇ ಮುಳುಗಿದರೆ?

ಹಾಗೆ ಆಗಿದೆ. ಮಿಸೌರಿಯ ಯುಎಸ್ ಫಿಡೆಲಿಸ್ ದೇಶದ ಮೂಲೆಮೂಲೆಗೂ ಸರ್ವಿಸ್ ಕಾಂಟ್ರಾಕ್ಟ್ ಮಾರಿದ ಕಂಪನಿ. 2010ರಲ್ಲಿ ದಿವಾಳಿಗೆ ಅರ್ಜಿ ಹಾಕಿತು, ನಡೆಸುತ್ತಿದ್ದ ಸಹೋದರರು ಮುಂದೆ ಕ್ರಿಮಿನಲ್ ಆರೋಪಗಳಲ್ಲಿ ತಪ್ಪೊಪ್ಪಿಕೊಂಡರು. ಮುಳುಗದೆ ನಡೆಯುತ್ತಿರುವ ಕಂಪನಿಗಳ ಜಾಹೀರಾತನ್ನೂ ಹಾಗೇ ನಂಬಲಾಗದು: 2024ರಲ್ಲಿ ಕಾರ್‌ಶೀಲ್ಡ್ ಮತ್ತು ಅದರ ಕರಾರು ನಿರ್ವಹಿಸುವ ಕಂಪನಿ, ಜಾಹೀರಾತುಗಳು ದಾರಿತಪ್ಪಿಸುವಂತಿವೆ ಎಂಬ ಫೆಡರಲ್ ಟ್ರೇಡ್ ಕಮಿಷನ್ ಆರೋಪವನ್ನು ಇತ್ಯರ್ಥ ಮಾಡಿಕೊಳ್ಳಲು 1 ಕೋಟಿ ಡಾಲರ್ ಕೊಡಲು ಒಪ್ಪಿದವು.

ಕರಾರಿನ ಹಿಂದೆ ವಿಮಾ ಕಂಪನಿ ನಿಂತಿದೆಯೇ ನೋಡಿ. ಒಳ್ಳೆಯ ಕರಾರುಗಳಲ್ಲಿ, ನಿಗದಿತ ದಿನಗಳೊಳಗೆ ಕ್ಲೇಮ್ ಹಣ ಬರದಿದ್ದರೆ ನೇರವಾಗಿ ಇಂಥ ವಿಮಾ ಕಂಪನಿಗೆ ಅರ್ಜಿ ಹಾಕಬಹುದು ಎಂಬ ಸಾಲು ಇರುತ್ತದೆ. ಆ ವಿಮಾ ಕಂಪನಿಗೆ ವಿಮಾ ಕಂಪನಿಗಳ ಆರ್ಥಿಕ ಬಲ ಅಳೆಯುವ ಎಎಂ ಬೆಸ್ಟ್ ಸಂಸ್ಥೆ ಕೊಟ್ಟಿರುವ ರೇಟಿಂಗ್ ನೋಡಿ. ನಿಮ್ಮ ರಾಜ್ಯದ ವಿಮಾ ಇಲಾಖೆಯಲ್ಲೂ ಕೇಳಿ.

ಎಕ್ಸಾಸ್ಟ್ ಬದಲಿಸಿದ್ದೇನೆ. ಹೊರಗಡೆ ಸರ್ವಿಸ್ ಮಾಡಿಸುತ್ತೇನೆ. ವಾರಂಟಿ ಹೋಯಿತೇ?

ಹೊರಗಿನ ಸರ್ವಿಸ್‌ನಿಂದ ಕಂಪನಿ ವಾರಂಟಿ ಹೋಗುವುದಿಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ ತಮ್ಮ ಡೀಲರ್ ಬಳಿಯೇ ಸರ್ವಿಸ್ ಆಗಬೇಕು, ತಮ್ಮದೇ ಬಿಡಿಭಾಗ ಹಾಕಬೇಕು ಎಂದು ತಯಾರಕರು ಷರತ್ತು ಹಾಕುವಂತಿಲ್ಲ, ಅದನ್ನು ಉಚಿತವಾಗಿ ಕೊಡುತ್ತಿದ್ದರೆ ಮಾತು ಬೇರೆ. ಮಾರ್ಪಾಡಿನ ವಿಷಯದಲ್ಲೂ, ಕೆಟ್ಟದ್ದು ಆ ಮಾರ್ಪಾಡಿನಿಂದಲೇ ಎಂದು ಅವರು ತೋರಿಸಬೇಕು. ಎಕ್ಸಾಸ್ಟ್ ಬದಲಿಸಿದ್ದಕ್ಕೆ ಕಿಟಕಿ ಮೋಟರ್ ಕ್ಲೇಮ್ ನಿರಾಕರಿಸಲಾಗದು. ಎಂಜಿನ್ ಟ್ಯೂನ್ ಮಾಡಿಸಿ ಎಂಜಿನ್ ಹೋದರೆ ನಿರಾಕರಿಸಬಹುದು.

ಆದರೆ ಮಾರ್ಪಾಡಾದ ಕಾರಿಗೆ ಸಿಪಿಒ ಮುದ್ರೆ ಹೊಸದಾಗಿ ಕೊಡಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಟೈರಿನಲ್ಲಿ ಪೋರ್ಷೆ ಒಪ್ಪಿದ ‘ಎನ್’ ಗುರುತು ಇದೆಯೇ ಎಂಬುದನ್ನೂ ಅವರು ನೋಡುತ್ತಾರೆ. ಹೊರಗಿನ ಕರಾರುಗಳಂತೂ ಮಾರ್ಪಾಡಿನ ಬಗ್ಗೆ ಇನ್ನೂ ಬಿಗಿ. ಹಳೆಯ ಮಾಲೀಕರು ಹಾಕಿಸಿದ್ದಾದರೂ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಮೂಲ ಭಾಗಗಳನ್ನು ಡಬ್ಬಿಯಲ್ಲಿ ಜೊತೆಗೇ ಕೊಡುವಂತೆ ಮಾರುವವರನ್ನು ಕೇಳಿ.

ಟ್ರ್ಯಾಕ್‌ಗೆ ಒಯ್ದರೆ?

ರೇಸು, ಸ್ಪರ್ಧೆಯಿಂದಾದ ಹಾನಿಯನ್ನು ಯಾವ ವಾರಂಟಿಯೂ ಭರಿಸುವುದಿಲ್ಲ. ಡ್ರೈವಿಂಗ್ ಕಲಿಸುವ ಟ್ರ್ಯಾಕ್ ದಿನಗಳ ಬಗ್ಗೆ ಹೊರಗಿನ ಕರಾರುಗಳು ಹೆಚ್ಚು ಕಟ್ಟುನಿಟ್ಟು, ಟ್ರ್ಯಾಕ್ ಎಂಬ ಪದ ಬಂದರೆ ಸಾಕು. ತಿಂಗಳಿಗೊಮ್ಮೆ ಲಗುನಾ ಸೆಕಾ ಟ್ರ್ಯಾಕಿಗೆ ಹೋಗುವ ಇರಾದೆಯಿದ್ದರೆ ಹೊರಗಿನ ಕರಾರಿಗೆ ದುಡ್ಡು ಹಾಕಬೇಡಿ.

ಖಾಸಗಿ ಮಾಲೀಕರಿಂದ ಕೊಂಡರೆ ಸಿಪಿಒ ಸಿಗುತ್ತದೆಯೇ?

ಕಾರಿಗೆ ಈಗಾಗಲೇ ಸಿಪಿಒ ಇದ್ದರೆ ಉಳಿದ ಅವಧಿ ನಿಮಗೆ ವರ್ಗವಾಗುತ್ತದೆ. ಇಲ್ಲದಿದ್ದರೆ ಅಮೆರಿಕದಲ್ಲಿ ಅದು ಅಧಿಕೃತ ಡೀಲರ್ ಮಾರುವ ಕಾರಿಗೆ ಮಾತ್ರ. ಮಾರುವವರು, ಕೊಳ್ಳುವವರು ಇಬ್ಬರೂ ಒಪ್ಪಿದರೆ ವ್ಯವಹಾರವನ್ನು ತಮ್ಮ ಮೂಲಕ ಹಾಯಿಸಿ, ತಪಾಸಣೆ ಮಾಡಿ ಸಿಪಿಒ ಹಾಕಿಕೊಡುವ ಕೆಲವು ಡೀಲರ್‌ಗಳಿದ್ದಾರೆ. ಅದಕ್ಕೆ ಶುಲ್ಕವಿದೆ, ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಬ್ರಿಟನ್ನಿನಲ್ಲಿರುವವರಿಗೆ ಈ ತೊಡಕಿಲ್ಲ, ಅಲ್ಲಿ 111 ಅಂಶದ ತಪಾಸಣೆ ಪಾಸಾದರೆ ಈಗಾಗಲೇ ನಿಮ್ಮ ಹೆಸರಿನಲ್ಲಿರುವ ಕಾರಿಗೂ 15 ವರ್ಷದ ವಯಸ್ಸಿನವರೆಗೆ ಪೋರ್ಷೆ ವಾರಂಟಿ ಕೊಳ್ಳಬಹುದು.

ವಾರಂಟಿ ಮುಗಿದ ಮೇಲೂ ಕಂಪನಿ ರಿಪೇರಿ ಮಾಡಿಕೊಟ್ಟ ಉದಾಹರಣೆ ಇದೆಯೇ?

ಇದೆ. 2014ರಲ್ಲಿ ಹೊಸ 991 (911ರ ಮುಂದಿನ ತಲೆಮಾರು) ಜಿಟಿ3ಗಳಿಗೆ ಬೆಂಕಿ ಹತ್ತಿದಾಗ ಪೋರ್ಷೆ ಜಗತ್ತಿನಾದ್ಯಂತ 785 ಕಾರುಗಳನ್ನು ಓಡಿಸಬೇಡಿ ಎಂದು ಹೇಳಿ, ಅವುಗಳ ಎಂಜಿನ್ನನ್ನೇ ಬದಲಿಸಿತು. ಮುಂದೆ ಅದೇ ಮಾಡೆಲ್‌ನ ಎಂಜಿನ್ ವಾರಂಟಿಯನ್ನು 10 ವರ್ಷ, 120,000 ಮೈಲಿಗೆ ವಿಸ್ತರಿಸಿತು. ಆದ್ದರಿಂದ ಹೊರಗಿನ ಕರಾರು ಕೊಳ್ಳುವ ಮೊದಲು ಡೀಲರ್‌ಗೆ ಕಾರಿನ ವಿನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು, ಅದರ ಮೇಲೆ ಇಂಥ ವಿಸ್ತರಣೆ ಅಥವಾ ರೀಕಾಲ್ ಬಾಕಿ ಇದೆಯೇ ಎಂದು ಕೇಳಿ.

ಯಾವ ವಾರಂಟಿಯೂ ಇಲ್ಲದೆ ಕೊಂಡರೆ ಹುಚ್ಚುತನವೇ?

ಅಲ್ಲ. ದೊಡ್ಡ ರಿಪೇರಿಯ ಮೊತ್ತ ನಿಮ್ಮ ಹತ್ತಿರ ಬೇರೆ ಇದ್ದರೆ, ಒಳ್ಳೆಯ ಸ್ವತಂತ್ರ ಗ್ಯಾರೇಜ್ ಸಮೀಪದಲ್ಲಿದ್ದರೆ, ಕೊಳ್ಳುವ ಮೊದಲ ತಪಾಸಣೆಯನ್ನು ನೀವೇ ಆರಿಸಿದ ಮೆಕ್ಯಾನಿಕ್ ಮಾಡಿದ್ದರೆ ಅದು ಸರಿಯಾದ ದಾರಿಯೇ. ಕಾರಿಗೆ ಕೈಯಲ್ಲಿರುವುದನ್ನೆಲ್ಲ ಸುರಿದು, ಸಾಲದ ಮೇಲೆ ಸರ್ವಿಸ್ ಕಾಂಟ್ರಾಕ್ಟನ್ನೂ ಸೇರಿಸಿ ಕೊಳ್ಳುವುದು ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. ಆಗ ವಾರಂಟಿಗೂ ಬಡ್ಡಿ ಕಟ್ಟುತ್ತೀರಿ. ಒಂದು ಹಂತ ಅಗ್ಗದ ಕಾರು ಕೊಂಡು ಉಳಿದದ್ದನ್ನು ರಿಪೇರಿಗೆ ಇಡಿ. ಒಂದು ವೇಳೆ ಕರಾರು ಕೊಂಡರೂ ಅದರ ಬೆಲೆಯಲ್ಲಿ ಡೀಲರ್ ಲಾಭ ಸಾಕಷ್ಟಿರುತ್ತದೆ, ಚೌಕಾಸಿ ಮಾಡಿ.

ಬೆಂಗಳೂರಿಗೆ ವಾಪಸ್ ಹೋಗುವಾಗ ಕಾರನ್ನೂ ಒಯ್ದರೆ ವಾರಂಟಿ ಬರುತ್ತದೆಯೇ?

ಅಮೆರಿಕದ ಕಾರನ್ನೇ ಒಯ್ಯಲಾಗದು. ಭಾರತಕ್ಕೆ ತರುವ ಬಳಸಿದ ಕಾರಿನ ಸ್ಟಿಯರಿಂಗ್ ಬಲಗಡೆ ಇರಬೇಕು, ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು. ಮಾರಿ ಹೋಗುವಾಗ ಸಿಪಿಒ ಉಳಿದಿದ್ದರೆ ಅದನ್ನು ಜಾಹೀರಾತಿನ ಮೊದಲ ಸಾಲಿನಲ್ಲೇ ಹಾಕಿ, ಬೆಲೆ ನಿಲ್ಲುತ್ತದೆ. ಹೊರಗಿನ ಕರಾರಿದ್ದರೆ ಕೊಳ್ಳುವವರಿಗೆ ವರ್ಗಾಯಿಸಬಹುದು, ಇಲ್ಲವೇ ರದ್ದು ಮಾಡಿ ಬಳಸದ ಅವಧಿಯ ಹಣ ವಾಪಸ್ ಪಡೆಯಬಹುದು. ಊರಿಗೆ ಬಂದ ಮೇಲೆ ಕೇಳಿದರಾಯಿತು ಎಂದು ಬಿಟ್ಟವರು ಬಹಳ ಮಂದಿ. ರದ್ದತಿ ಅರ್ಜಿಗೆ ಓಡೋಮೀಟರಿನ ಫೋಟೋ, ಮಾರಾಟದ ಕಾಗದ ಬೇಕಾಗುತ್ತದೆ. ಕೀ ಕೈಬದಲಾಗುವ ದಿನವೇ ಎರಡನ್ನೂ ತೆಗೆದಿಟ್ಟುಕೊಳ್ಳಿ.

ಬೆಂಗಳೂರಿನಲ್ಲೇ ಬಳಸಿದ ಪೋರ್ಷೆ ಕೊಳ್ಳುವವರಿಗೆ?

ಪೋರ್ಷೆ ಅಪ್ರೂವ್ಡ್ ಇಲ್ಲೂ ಇದೆ, 111 ಅಂಶದ ತಪಾಸಣೆಯೂ ಅದೇ. ನನ್ನ ಸಲಹೆ ಇಲ್ಲಿ ಇನ್ನೂ ಕಟ್ಟುನಿಟ್ಟು: ಅಧಿಕೃತ ವಾರಂಟಿ ಇರುವ ಕಾರನ್ನೇ ನೋಡಿ. ಪಿಡಿಕೆ ಬಿಚ್ಚಬಲ್ಲ ಸ್ವತಂತ್ರ ಗ್ಯಾರೇಜ್‌ಗಳು ಕೈಬೆರಳೆಣಿಕೆಯಷ್ಟು, ಬಿಡಿಭಾಗ ಹೊರದೇಶದಿಂದ ಬರಬೇಕು, ಸುಂಕ ಸೇರಿದರೆ ಬಿಲ್ ಅಮೆರಿಕದ್ದಕ್ಕಿಂತ ದೊಡ್ಡದಾಗುತ್ತದೆ. ಬಹು ಬ್ರ್ಯಾಂಡ್ ಶೋರೂಮಿನವರು ‘ಒಂದು ವರ್ಷ ವಾರಂಟಿ ಕೊಡುತ್ತೇವೆ’ ಎಂದರೆ ಅದು ಎಂಜಿನ್, ಗೇರ್‌ಬಾಕ್ಸಿಗೆ ಮಾತ್ರವೇ, ಗರಿಷ್ಠ ಎಷ್ಟು ಲಕ್ಷ, ರಿಪೇರಿ ಪೋರ್ಷೆ ಸೆಂಟರಿನಲ್ಲೇ ಆಗುತ್ತದೆಯೇ ಎಂಬ ಮೂರನ್ನೂ ಬರವಣಿಗೆಯಲ್ಲಿ ಪಡೆಯಿರಿ. ಕೊಟ್ಟ ಮಾತಿಗೆ ತಪ್ಪಿದರೆ ಗ್ರಾಹಕ ಆಯೋಗವಿದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಾದರೆ ಜಿಲ್ಲಾ ಆಯೋಗ, ಅದಕ್ಕಿಂತ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ದೂರು ಹಾಕಲು ಎರಡು ವರ್ಷ ಕಾಲಾವಕಾಶವಿದೆ, ಆದರೆ ಶೋರೂಮಿನವರ ವಾಟ್ಸ್ಆ್ಯಪ್ ಸಂದೇಶಗಳನ್ನು ಮೊದಲ ದಿನದಿಂದಲೇ ಅಳಿಸದೆ ಇಟ್ಟುಕೊಳ್ಳಿ.